ಐದೂವರೆಯ ಓಟ

ಜೂನ್ ೨೮

ಗುಂಡಮ್ಮನಿಗೆ ಅಪ್ಪನ ಆಶೀರ್ವಾದಗಳು.

ನಿನ್ನೆ ಶಾಲೆಯ ಆಫೀಸಿನಿಂದ ನಿನ್ನ ಹಾಸ್ಟೆಲಿಗೆ ಫೋನ್ ಮಾಡಿದಾಗ ನೀನು ಆಡಿದ್ದು ಒಟ್ಟು ಮೂರು ಮಾತು. "ಹೂಂ", "ಚೆನ್ನಾಗಿದ್ದೀನಿ", "ಇಡ್ಲಾ ಅಪ್ಪ". ಹೆಡ್‌ಮಾಸ್ಟರು ಎದುರಿಗೇ ಕೂತಿದ್ದರಿಂದ ನಾನೂ ಕೆದಕಲಿಲ್ಲ. ಆದರೆ ನಾನು ಡ್ರಿಲ್ ಮೇಷ್ಟ್ರು ಕಣಮ್ಮ. ಹೊಟ್ಟೆನೋವು ಅಂತ ಮರದ ಕೆಳಗೆ ಕೂರುವ ಮಕ್ಕಳಲ್ಲಿ ಯಾರಿಗೆ ನಿಜವಾಗಿ ನೋವಿದೆ, ಯಾರು ಓಟಕ್ಕೆ ಹೆದರಿ ಕೂತಿದ್ದಾರೆ ಅಂತ ಮುಖ ನೋಡಿ ಹೇಳಿ ಹೇಳಿ ಕೂದಲು ಬೆಳ್ಳಗಾಗಿದೆ. ಫೋನಿನಲ್ಲಿ ಮುಖ ಕಾಣುವುದಿಲ್ಲ, ಅದೇ ಅದರ ದೋಷ. ಇನ್ನು ಮೇಲೆ ಕಾಗದ ಬರೆ. ಬರೀ "ಹೂಂ" ಅಂತ ಬರೆದು ಅಂಚೆಚೀಟಿ ಅಂಟಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ಇನ್ನೊಂದು ನಾಲ್ಕು ಮಾತು ತಾನಾಗಿ ಬರುತ್ತದೆ.

ನಿನ್ನ ಅಮ್ಮ ಇದ್ದಿದ್ದರೆ ನಿನ್ನ ದನಿಯಲ್ಲೇ ಎಲ್ಲ ಹಿಡಿದುಬಿಡುತ್ತಿದ್ದಳು. ಅವಳು ಆ ವಿದ್ಯೆಯನ್ನು ನನಗೆ ಕಲಿಸದೆ ಹೋದಳು. ನನಗೆ ಎಲ್ಲವನ್ನೂ ಬಿಡಿಸಿ ಹೇಳಬೇಕು, ಮೊದಲಿನಿಂದ.

ಕಾಲೇಜು ಹೇಗಿದೆ? ರಾತ್ರಿ ನಿದ್ದೆ ಬರುತ್ತಿದೆಯಾ? ಹೊಟ್ಟೆ ತುಂಬ ತಿನ್ನುತ್ತಿದ್ದೀಯಾ? ಗುಂಡಮ್ಮ ಸಣ್ಣಮ್ಮ ಆಗಿ ಬಂದರೆ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ.

ಇತಿ, ನಿನ್ನ ಅಪ್ಪ

&nbsp;

ಜುಲೈ ೮

ಅಪ್ಪನಿಗೆ ನಮಸ್ಕಾರ.

ಉತ್ತರ ತಡವಾಯಿತು. ಬರೆದು ಬರೆದು ಹರಿದು ಹಾಕಿದೆ.

ಏನಾಯಿತು ಅಂತ ನೀವು ಕೇಳುತ್ತೀರಿ. ಏನೂ ಆಗಿಲ್ಲ ಅಪ್ಪ, ಅದೇ ಕಷ್ಟ. ಯಾರೂ ಬೈದಿಲ್ಲ, ಯಾರೂ ಕಾಡಿಸಿಲ್ಲ. ಏನಾದರೂ ಆಗಿದ್ದರೆ ಅದನ್ನು ತೋರಿಸಿ ಅಳಬಹುದಿತ್ತು. ಇಲ್ಲಿ ರೂಮಿನಲ್ಲಿ ಎರಡು ಕಬ್ಬಿಣದ ಮಂಚ, ಎರಡು ಮೇಜು, ಒಂದು ಕಿಟಕಿ. ಕಿಟಕಿಯಾಚೆ ನೀರಿನ ಟ್ಯಾಂಕು, ಅದರ ಮೈಮೇಲೆ ಸೋರಿದ ಪಾಚಿಯ ಗೆರೆ. ಬೆಳಿಗ್ಗೆ ಎಚ್ಚರವಾಗುತ್ತದೆ, ಆದರೆ ಏಳಲು ಆಗುವುದಿಲ್ಲ. ಪಕ್ಕದ ಮಂಚದವಳು ಸ್ನಾನ ಮುಗಿಸಿ, ಜಡೆ ಹಾಕಿಕೊಂಡು, ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೋಗುವವರೆಗೂ ನಾನು ಟ್ಯಾಂಕನ್ನೇ ನೋಡುತ್ತಾ ಮಲಗಿರುತ್ತೇನೆ. ಅವಳು ಪಾಪ ಒಳ್ಳೆಯವಳು. "ಮೈ ಹುಷಾರಿಲ್ವಾ?" ಅಂತ ಹಣೆ ಮುಟ್ಟಿ ನೋಡುತ್ತಾಳೆ. ಜ್ವರ ಇರುವುದಿಲ್ಲ. ನನಗೇ ನಾಚಿಕೆಯಾಗುತ್ತದೆ.

ರಾತ್ರಿ ನಿದ್ದೆ ಇಲ್ಲ. ಮೊದಲ ಟೆಸ್ಟಿನಲ್ಲಿ ಎರಡು ವಿಷಯ ಹೋಯಿತು. ನಮ್ಮ ಶಾಲೆಯಲ್ಲಿ ನಾನೊಬ್ಬಳೇ ಫಸ್ಟು. ಇಲ್ಲಿ ಎಲ್ಲ ಊರಿನ ಫಸ್ಟುಗಳನ್ನೂ ತಂದು ಒಂದೇ ಕೋಣೆಯಲ್ಲಿ ಕೂರಿಸಿದ್ದಾರೆ, ಅದರಲ್ಲಿ ಯಾರಾದರೂ ಕೊನೆಗೆ ಬರಲೇಬೇಕಲ್ಲ.

ನೀವು ಗಾಬರಿಯಾಗಬೇಡಿ. ಬಿಡಿಸಿ ಹೇಳು ಅಂದಿರಿ, ಹೇಳಿದೆ.

ಇತಿ, ಗುಂಡಮ್ಮ

&nbsp;

ಜುಲೈ ೧೫

ಗುಂಡಮ್ಮನಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ಸ್ಟಾಫ್‌ರೂಮಿನಲ್ಲಿ ಒಬ್ಬನೇ ಬಹಳ ಹೊತ್ತು ಕೂತೆ. ಗಣಿತದ ಮೇಷ್ಟ್ರು ಬಂದು "ಏನ್ರೀ, ಸೀಟಿ ಕಳ್ಕೊಂಡ್ರಾ?" ಅಂದರು.

ನೋಡು ಮಗಳೇ, ಮನಸ್ಸಿನ ವಿಷಯ ನನಗೆ ಗೊತ್ತಿಲ್ಲ. ಮೈ ವಿಷಯ ಗೊತ್ತು. ಮನಸ್ಸು ಮೊಂಡು ದನ ಇದ್ದ ಹಾಗೆ. ಎದುರಿಗೆ ನಿಂತು ಹಗ್ಗ ಜಗ್ಗಿದರೆ ನಾಲ್ಕೂ ಕಾಲೂರಿ ನಿಲ್ಲುತ್ತದೆ. ನೀನು ಅದರ ಗೊಡವೆ ಬಿಟ್ಟು ಮುಂದೆ ನಡೆದುಬಿಟ್ಟರೆ ತಾನಾಗಿ ಹಿಂದೆ ಬರುತ್ತದೆ. ಆದ್ದರಿಂದ ಒಂದು ಕರಾರು ಮಾಡಿಕೊಳ್ಳೋಣ. ದಿನಾ ಬೆಳಿಗ್ಗೆ ಐದೂವರೆಗೆ ನೀನು ನಿನ್ನ ಕಾಲೇಜಿನ ಮೈದಾನದಲ್ಲಿ ಓಡು, ಅದೇ ಹೊತ್ತಿಗೆ ನಾನು ಇಲ್ಲಿ ಶಾಲೆಯ ಮೈದಾನದಲ್ಲಿ ಓಡುತ್ತೇನೆ. ಏಳಲು ಮನಸ್ಸಾಗದಿದ್ದಾಗ, ಅಪ್ಪ ಆಗಲೇ ಮೊಣಕಾಲು ನೀವಿಕೊಳ್ಳುತ್ತಾ ಬೂಟಿನ ದಾರ ಕಟ್ಟುತ್ತಿದ್ದಾನೆ ಅಂತ ನೆನೆಸಿಕೋ. ಈ ವಯಸ್ಸಿನಲ್ಲಿ ನನ್ನೊಬ್ಬನನ್ನೇ ಓಡಿಸಿದರೆ ಪಾಪ ನಿನಗೇ ಸುತ್ತಿಕೊಳ್ಳುತ್ತದೆ.

ಇನ್ನೊಂದು. ಎದ್ದ ತಕ್ಷಣ, ಮಲಗಿದ ಹಾಗೇ ನಾಡಿ ಎಣಿಸು. ಶಾಲೆಯಲ್ಲಿ ಎಲ್ಲರಿಗೂ ಕಲಿಸಿದ್ದೇನಲ್ಲ, ಹೆಬ್ಬೆರಳಿನ ಬುಡದಲ್ಲಿ ಎರಡು ಬೆರಳಿಟ್ಟು. ಅದನ್ನು ಕಾಗದದಲ್ಲಿ ಬರೆದು ತಿಳಿಸು. ನೀನು ಸುಳ್ಳು ಹೇಳಿದರೂ ನಾಡಿ ಸುಳ್ಳು ಹೇಳುವುದಿಲ್ಲ. ಓಡುತ್ತಾ ಓಡುತ್ತಾ ಅದು ಇಳಿಯಬೇಕು. ಇಳಿದರೆ ಎದೆ ಗಟ್ಟಿಯಾಗುತ್ತಿದೆ ಅಂತ ಅರ್ಥ. ಎದೆ ಗಟ್ಟಿಯಾದವರಿಗೆ ಟೆಸ್ಟು ಗಿಸ್ಟು ಯಾವ ಲೆಕ್ಕ.

ಸೋಮವಾರದಿಂದ ಶುರು. ಮೋಸ ಮಾಡಬಾರದು.

ಇತಿ, ನಿನ್ನ ಅಪ್ಪ

&nbsp;

ಆಗಸ್ಟ್ ೬

ಅಪ್ಪ,

ನೀವು ಗೆದ್ದಿರಿ, ಒಪ್ಪಿಕೊಳ್ಳುತ್ತೇನೆ.

ಮೊದಲ ವಾರ ನಿಮ್ಮನ್ನು ಮನಸ್ಸಿನಲ್ಲೇ ಬೈದುಕೊಂಡು ಓಡಿದೆ. ಅರ್ಧ ಸುತ್ತಿಗೇ ಪಕ್ಕೆ ಹಿಡಿಯುತ್ತಿತ್ತು. ಮೈದಾನದ ಆಚೆ ಬಸ್ ಡಿಪೋ ಇದೆ. ಆ ಹೊತ್ತಿಗೆ ಡ್ರೈವರುಗಳು ಬಸ್ಸು ಚಾಲೂ ಮಾಡಿಟ್ಟು ಚಹಾ ಕುಡಿಯುತ್ತಾ ನಿಂತಿರುತ್ತಾರೆ. ಒಬ್ಬ ಮುದುಕ ಡ್ರೈವರು "ಬಾರಮ್ಮ, ಟಿಕೆಟ್ಟಿಲ್ದೆ ಕೂರಿಸ್ಕೊಂಡು ಹೋಗ್ತೀನಿ" ಅಂತ ತಮಾಷೆ ಮಾಡಿದ. ಈಗ ಅವನು ಏನೂ ಅನ್ನುವುದಿಲ್ಲ, ನಾನು ದಾಟುವಾಗ ಲೋಟ ಎತ್ತಿ ತೋರಿಸುತ್ತಾನೆ. ಎರಡನೇ ವಾರ ಒಂದು ರಾತ್ರಿ ನಿದ್ದೆ ಬಂತು. ಬಂದದ್ದು ಬೆಳಿಗ್ಗೆಯೇ ಗೊತ್ತಾಗಿದ್ದು. ಎದ್ದು ಮಂಚದ ಮೇಲೆ ಕೂತು ಅತ್ತುಬಿಟ್ಟೆ, ಸಂತೋಷಕ್ಕೆ. ಪಕ್ಕದ ಮಂಚದವಳು ಹೆದರಿ ಮತ್ತೆ ಹಣೆ ಮುಟ್ಟಿದಳು.

ಓಡುವಾಗ ನೀವು ಪಕ್ಕದಲ್ಲಿದ್ದೀರಿ ಅಂದುಕೊಳ್ಳುತ್ತೇನೆ. ಶಾಲೆಯಲ್ಲಿ ಕೊನೆಗೆ ಉಳಿದವರ ಜೊತೆ ನೀವೇ ಓಡುತ್ತಿದ್ದಿರಿ, ನೆನಪಿದೆಯಾ? ಕೊನೆಯ ಸುತ್ತಿನಲ್ಲಿ "ಅಯ್ಯೋ, ಕಾಲು ಹಿಡ್ಕೊಳ್ತು" ಅಂತ ಕುಂಟುತ್ತಾ ಹಿಂದೆ ಬಿದ್ದು, ಆ ಹುಡುಗಿಯನ್ನು ಮುಂದೆ ಕಳಿಸುತ್ತಿದ್ದಿರಿ. ನನಗೂ ಹಾಗೆ ಮಾಡಿದ್ದಿರಿ. ನಾನು ಅಪ್ಪನನ್ನು ಸೋಲಿಸಿದೆ ಅಂತ ಇಡೀ ಬೀದಿಗೆ ಸಾರಿದೆ. ಅದು ನಟನೆ ಅಂತ ಗೊತ್ತಾಗಿದ್ದು ಬಹಳ ವರ್ಷದ ಮೇಲೆ.

ನಾಡಿ ಅರವತ್ತೆಂಟು. ಊಟ ಸೇರುತ್ತಿದೆ. ಕ್ಲಾಸಿಗೆ ಹೋಗುತ್ತಿದ್ದೇನೆ.

ಇತಿ, ನಿಮ್ಮ ಗುಂಡಮ್ಮ

&nbsp;

ಆಗಸ್ಟ್ ೨೧

ಗುಂಡಮ್ಮನಿಗೆ ಆಶೀರ್ವಾದಗಳು.

ಪೆನ್ಸಿಲಿನಲ್ಲಿ ಬರೆದಿದ್ದೇನೆ ಅಂತ ಬೇಸರ ಬೇಡ. ಪೆನ್ನು ಕೈಕೊಟ್ಟಿದೆ.

ನಿನ್ನ ಕಾಗದ ಬಂದ ದಿನ ಹಬ್ಬ ಮಾಡಿದ ಹಾಗಾಯಿತು. ನೋಡಿದೆಯಾ, ನಾನು ಹೇಳಿರಲಿಲ್ಲವೇ? ನಿನ್ನ ಅತ್ತೆ ಬಂದಿದ್ದಾಳೆ, ಕೆಲವು ದಿನ ತಮ್ಮನ ಮನೆಯಲ್ಲಿ ಇದ್ದು ಹೋಗುತ್ತಾಳಂತೆ. ಅವಳಿಗೂ ಓದಿ ಹೇಳಿದೆ. "ಅಪ್ಪನ ಹುಚ್ಚು ಮಗಳಿಗೂ ಹತ್ತಿತು" ಅಂದಳು. ಅವಳು ಬಂದಾಗಿನಿಂದ ಮನೆಯಲ್ಲಿ ನನ್ನ ಆಟ ಏನೂ ನಡೆಯುವುದಿಲ್ಲ. ಹಾಕಿದ್ದನ್ನು ತಿನ್ನಬೇಕು, ಹೇಳಿದ ಕಡೆ ತಿರುಗಬೇಕು.

ನಾನೂ ಓಡುತ್ತಿದ್ದೇನೆ. ಐದೂವರೆಗೆ ಆಕಾಶ ಇನ್ನೂ ಬೂದಿ ಬಣ್ಣದಲ್ಲಿರುತ್ತದೆ, ಹಾಲಿನ ಸೈಕಲ್ಲು ಹೋಗುತ್ತದೆ, ಎದುರು ಮನೆಯ ತಾರಸಿಯ ಮೇಲೆ ಕಾಗೆ ಕೂತಿರುತ್ತದೆ. ನೀನು ಎಲ್ಲಿಯವರೆಗೆ ಬಂದಿರಬಹುದು, ಡಿಪೋ ದಾಟಿದಳೋ ಏನೋ ಅಂತ ಲೆಕ್ಕ ಹಾಕುತ್ತೇನೆ.

ಅಕ್ಟೋಬರ್ ರಜೆಗೆ ಬರಲೇಬೇಕು ಅಂತೇನಿಲ್ಲ. ರೈಲಿನಲ್ಲಿ ಎರಡು ದಿನ ಕೂತರೆ ಓಟದ ಲಯ ತಪ್ಪುತ್ತದೆ. ಅಲ್ಲೇ ಇದ್ದು ಓದಿಕೋ.

ಇತಿ, ನಿನ್ನ ಅಪ್ಪ

&nbsp;

ಸೆಪ್ಟೆಂಬರ್ ೧೨

ಅಪ್ಪನಿಗೆ,

ರಜೆಗೆ ಬರುವುದಿಲ್ಲ. ನೀವೇ ಹಾಗಂದದ್ದು ಒಳ್ಳೆಯದಾಯಿತು. ನನಗೂ ಹೇಗೆ ಹೇಳುವುದು ಅಂತ ಯೋಚನೆಯಾಗಿತ್ತು.

ಈಗ ಸಂಜೆಯೂ ಓಡುತ್ತೇನೆ. ಬೆಳಗಿನ ಓಟದ ಬಲ ಮಧ್ಯಾಹ್ನದವರೆಗೆ ಮಾತ್ರ ಬರುತ್ತದೆ. ಆಮೇಲೆ ಎದೆಯೊಳಗೆ ಯಾರೋ ಕುರ್ಚಿ ಎಳೆದುಕೊಂಡು ಕೂತ ಹಾಗಾಗುತ್ತದೆ. ಮತ್ತೆ ಓಡಿದರೆ ಎದ್ದು ಹೋಗುತ್ತದೆ. ಮೆಸ್ಸಿನ ಊಟ ಓಟಕ್ಕೆ ಭಾರ, ಅದನ್ನು ಕಡಿಮೆ ಮಾಡಿದ್ದೇನೆ. ಒಂದು ಹಣ್ಣು, ಒಂದು ಲೋಟ ಹಾಲು ಸಾಕಾಗುತ್ತದೆ. ಬಟ್ಟೆಗಳೆಲ್ಲ ಸಡಿಲ. ಹಳೆಯ ಹೆಸರು ಇನ್ನು ನನಗೆ ಹೊಂದುವುದಿಲ್ಲ, ಬೇರೆ ಏನಾದರೂ ಕರೆಯಿರಿ. ವಾರ್ಡನ್ ಎಲ್ಲರೆದುರು ನನ್ನನ್ನು ನಿಲ್ಲಿಸಿ, "ಇವಳನ್ನ ನೋಡಿ ಕಲೀರಿ, ಒಂದು ದಿನ ತಪ್ಪಿಸಲ್ಲ" ಅಂದರು.

ಒಂದು ವಿಷಯ ಕೇಳಬೇಕಿತ್ತು. ಪಕ್ಕದ ಮಂಚದವಳು ನನಗೆ ಹೇಳದೆ ಕಾಲೇಜಿನ ಕೌನ್ಸೆಲರ್ ಮೇಡಂ ಹತ್ತಿರ ಹೋಗಿ ಏನೋ ಹೇಳಿದ್ದಾಳೆ. ಅವರು ನನ್ನನ್ನು ಕರೆಸಿದರು. ಸಣ್ಣ ಕೋಣೆ, ಮೇಜಿನ ಮೇಲೆ ಒಂದು ಗಿಡ. ಊಟ, ನಿದ್ದೆ ವಿಚಾರಿಸಿದರು. ಆಮೇಲೆ, "ಒಂದು ತಿಂಗಳು ಓಡೋದು ನಿಲ್ಸಿದ್ರೆ ಏನಾಗುತ್ತೆ ಅನ್ಸುತ್ತೆ?" ಅಂದರು. ನನಗೆ ಕೈಕಾಲು ನಡುಗಿತು. ಯಾಕೆ ಅಂತ ಗೊತ್ತಿಲ್ಲ. ನಿಲ್ಲಿಸಿ ನೋಡು, ವಾರಕ್ಕೆರಡು ಸಲ ಬಾ ಅಂತ ಹೇಳಿದ್ದಾರೆ.

ನೀವು ಏನು ಹೇಳುತ್ತೀರಿ ಅಪ್ಪ? ನೀವು ಹೇಳಿದ ಹಾಗೆ ಮಾಡುತ್ತೇನೆ.

ನಾಡಿ ಐವತ್ನಾಲ್ಕು. ಪೆನ್ನು ಇನ್ನೂ ಸರಿಯಾಗಿಲ್ಲವೇ?

ಇತಿ, ನಿಮ್ಮ ಮಗಳು

&nbsp;

ಸೆಪ್ಟೆಂಬರ್ ೧೯

ಪ್ರೀತಿಯ ಮಗಳಿಗೆ,

ಐವತ್ನಾಲ್ಕು ಅಂದರೆ ಏನು ಅಂತ ಗೊತ್ತಾ ನಿನಗೆ? ದೊಡ್ಡ ದೊಡ್ಡ ಓಟಗಾರರ ನಾಡಿ ಅದು. ಇಷ್ಟು ವರ್ಷದಲ್ಲಿ ನಾನು ತಯಾರು ಮಾಡಿದ ಒಬ್ಬ ಹುಡುಗನಿಗೂ ಅಷ್ಟು ಇಳಿದಿರಲಿಲ್ಲ. ಗಣಿತದ ಮೇಷ್ಟ್ರು ಮನೆಗೆ ಬಂದಾಗ ಅವರಿಗೂ ಹೇಳಿದೆ.

ಆ ಮೇಡಂ ಒಳ್ಳೆಯವರೇ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಕುರ್ಚಿಯಲ್ಲಿ ಕೂತು ಕೂತು ಕೆಲಸ ಮಾಡುವವರಿಗೆ ಓಡುವವರನ್ನು ಕಂಡರೆ ಕೂರಿಸುವ ಆಸೆ. ಜೂನ್ ತಿಂಗಳಲ್ಲಿ ನೀನು ಹೇಗಿದ್ದೆ, ಈಗ ಹೇಗಿದ್ದೀಯ? ನಿನ್ನನ್ನು ಮಂಚದಿಂದ ಎಬ್ಬಿಸಿದ್ದು ಯಾರ ಮಾತೂ ಅಲ್ಲ, ನಿನ್ನ ಕಾಲು. ದಡ ಸೇರಿಸಿದ ದೋಣಿಯನ್ನು ಒದೆಯಬಾರದು. ಕೈಕಾಲು ನಡುಗಿದ್ದು ಅದಕ್ಕೇ ಇರಬೇಕು, ನಿನ್ನ ಮೈಗೇ ಆ ಮಾತು ಹಿಡಿಸಲಿಲ್ಲ.

ಮತ್ತೆ, ನೀನು ನಿಲ್ಲಿಸಿದರೆ ನಾನು ಯಾರ ಜೊತೆ ಓಡಲಿ? ನೀನು ನಿಲ್ಲಿಸಿದ ದಿನ ನಾನೂ ನಿಲ್ಲಿಸುತ್ತೇನೆ, ಆಮೇಲೆ ನನ್ನನ್ನು ಕೇಳಬೇಡ. ನನ್ನ ದಿನದಲ್ಲಿ ಬೆಳಕಿರುವುದು ಅದೊಂದು ಹೊತ್ತು.

ಓಡು ಮಗಳೇ.

ಇತಿ, ನಿನ್ನ ಅಪ್ಪ

&nbsp;

ಅಕ್ಟೋಬರ್ ೨೨

ಅಪ್ಪನಿಗೆ,

ಬರೆಯಲು ಹೊತ್ತು ಸಿಗಲಿಲ್ಲ. ರಜೆಯಲ್ಲಿ ಹಾಸ್ಟೆಲ್ ಖಾಲಿಯಾಗಿತ್ತು, ಓಡುವುದಕ್ಕೆ ಅನುಕೂಲವಾಯಿತು. ಮೇಡಂ ಹತ್ತಿರ ಮತ್ತೆ ಹೋಗಲಿಲ್ಲ. ಪಕ್ಕದ ಮಂಚದವಳ ಜೊತೆ ಮಾತು ಬಿಟ್ಟಿದ್ದೇನೆ.

ಎಲ್ಲರಿಗೂ ಸೆಕೆ ಅಂತೆ, ನನಗೆ ಚಳಿ. ಎರಡು ಸ್ವೆಟರ್ ಹಾಕಿಕೊಂಡು ಕ್ಲಾಸಿನಲ್ಲಿ ಕೂರುತ್ತೇನೆ. ಬಾಚಣಿಗೆ ತುಂಬ ಕೂದಲು. ಇಲ್ಲಿಯ ನೀರು ಸರಿಯಿಲ್ಲ.

ನಾಡಿ ನಲವತ್ತೊಂದು. ನಿಮಗೆ ಸಂತೋಷವಾಗುತ್ತದೆ ಅಂತ ಮೂರು ಸಲ ಎಣಿಸಿದೆ.

ಇತಿ, ಮಗಳು

&nbsp;

ಅಕ್ಟೋಬರ್ ೨೭

ಮಗಳೇ,

ಇದನ್ನು ಓದಿದ ತಕ್ಷಣ ಓಟ ನಿಲ್ಲಿಸು. ಕಾರಣ ಆಮೇಲೆ ಓದು, ಮೊದಲು ನಿಲ್ಲಿಸು.

ಈಗ ಕಾರಣ ಹೇಳುತ್ತೇನೆ. ನಾನು ಓಡುತ್ತಿಲ್ಲ. ಆಗಸ್ಟ್ ತಿಂಗಳ ನಡುವಿನಿಂದ ಒಂದು ದಿನವೂ ಓಡಿಲ್ಲ. ಎಂಟನೇ ಕ್ಲಾಸಿನವರಿಗೆ ಉದ್ದ ಜಿಗಿತ ಹೇಗೆ ಅಂತ ತೋರಿಸಲು ಹೋಗಿ, ಮರಳಿನ ಗುಂಡಿ ದಾಟಿ ಅಂಚಿನ ಕಲ್ಲಿನ ಮೇಲೆ ಬಿದ್ದು ತೊಡೆಮೂಳೆ ಮುರಿದುಕೊಂಡೆ. ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ಬೀದಿ ಕಡೆಯ ಕೋಣೆಯಲ್ಲಿ ಅಂಗಾತ ಮಲಗಿದ್ದೇನೆ. ಅಂಗಾತ ಮಲಗಿ ಬರೆದರೆ ಪೆನ್ನಿನ ಶಾಯಿ ಇಳಿಯುವುದಿಲ್ಲ, ಅದಕ್ಕೇ ಪೆನ್ಸಿಲು. ನಿನ್ನ ಅತ್ತೆ ಬಂದದ್ದು ನನ್ನನ್ನು ನೋಡಿಕೊಳ್ಳಲು. ನೀನು ಎದ್ದು ಓಡುತ್ತಿರುವುದೇ ನನ್ನ ಜೊತೆಗೆ ಅಂತ, ನಾನು ಬಿದ್ದದ್ದು ಗೊತ್ತಾದರೆ ನೀನೂ ಮತ್ತೆ ಮಲಗಿಬಿಡುತ್ತೀಯ ಅಂತ ಹೆದರಿ ಹೇಳಲಿಲ್ಲ.

ನಿನ್ನೆ ಮೂಳೆ ಡಾಕ್ಟರು ಮನೆಗೆ ಬಂದಿದ್ದರು. ನಿನ್ನ ನಾಡಿ ನಲವತ್ತೊಂದು ಅಂತ ಅವರೆದುರು ಜಂಬ ಕೊಚ್ಚಿಕೊಂಡೆ. ಅವರು ನಗಲಿಲ್ಲ. "ಊಟ ಹೇಗೆ ಮಾಡ್ತಾಳೆ?" ಅಂದರು. ಭಾರ ಅಂತ ಬಿಟ್ಟಿದ್ದಾಳೆ ಅಂದೆ. "ಚಳಿ ಅಂತಾಳಾ? ಕೂದಲು ಉದುರುತ್ತಾ?" ಅಂದರು. ನಾನು ನಿನ್ನ ಕಾಗದವನ್ನೇ ಅವರ ಕೈಗೆ ಕೊಟ್ಟೆ. "ಮುಟ್ಟು ಸರಿಯಾಗಿ ಆಗ್ತಿದೆಯಾ?" ಅಂದರು. ನಾನು ಗೋಡೆ ನೋಡಿದೆ. ಅದನ್ನೆಲ್ಲ ಕೇಳಲು ನಿನಗೆ ಯಾರಿದ್ದಾರೆ.

"ಮೇಷ್ಟ್ರೇ, ಚೆನ್ನಾಗಿ ತಿಂದು ಓಡೋರ ನಾಡಿ ಇಳಿದ್ರೆ ಅದು ಎದೆಯ ಬಲ. ತಿನ್ನದೆ ಓಡೋ ಹುಡುಗಿ ನಾಡಿ ಇಳಿದ್ರೆ, ಮೈ ಒಂದೊಂದೇ ದೀಪ ಆರಿಸ್ತಾ ಬರ್ತಿದೆ ಅಂತ. ಎಣಿಸೋಕೆ ಎರಡೂ ಒಂದೇ ಥರ ಇರುತ್ತೆ," ಅಂದರು. ಎದೆ ನಿಂತುಹೋಗುವುದೂ ಉಂಟಂತೆ. ನಿದ್ದೆಯಲ್ಲೇ.

ಆ ಮೇಡಂ ಹೇಳಿದ್ದು ಸರಿ. ನಾನು ಹೇಳಿದ್ದು ತಪ್ಪು. ಅವರ ಹತ್ತಿರ ಇವತ್ತೇ ಹೋಗು. ಏನಾದರೂ ತಿನ್ನು, ನಿನ್ನ ಕಾಲು ಹಿಡಿದುಕೊಳ್ಳುತ್ತೇನೆ.

ಅಪ್ಪ

&nbsp;

ನವೆಂಬರ್ ೨

ಮಗಳೇ,

ಕಾಗದ ತಲುಪಿರಬೇಕು. ನಿನ್ನಿಂದ ಏನೂ ಬಂದಿಲ್ಲ. ದಿನಾ ಅತ್ತೆಯನ್ನು ಶಾಲೆಗೆ ಅಟ್ಟಿ ಫೋನ್ ಮಾಡಿಸುತ್ತಿದ್ದೇನೆ. ಫೋನು ದೂರದ್ದಾದಷ್ಟೂ ಜೋರಾಗಿ ಕಿರುಚಬೇಕು ಅಂತ ಅವಳ ತಿಳುವಳಿಕೆ. ಮೊನ್ನೆ ವಾರ್ಡನ್ ಸಿಕ್ಕಿದರಂತೆ. "ಅವಳು ಓಡಕ್ಕೆ ಹೋಗಿದಾಳೆ ಕಣ್ರೀ, ಬಹಳ ಶಿಸ್ತಿನ ಹುಡುಗಿ, ನೀವು ಪುಣ್ಯ ಮಾಡಿದ್ರಿ" ಅಂದರಂತೆ. ಓಡಲು ಬಿಡಬೇಡಿ ಅಂತ ಅತ್ತೆ ಅಂದದ್ದಕ್ಕೆ, "ಓಡ್ಬೇಡ ಅಂತ ಹೇಗ್ರೀ ಹೇಳೋದು, ಕೆಟ್ಟ ಕೆಲಸ ಏನಲ್ವಲ್ಲ" ಅಂತ ಇಟ್ಟುಬಿಟ್ಟರಂತೆ.

ಅವರನ್ನು ಏನು ಅನ್ನಲಿ. ನಾನು ಜೀವಮಾನವಿಡೀ ಊರಿಗೆಲ್ಲ ಹೇಳಿಕೊಟ್ಟ ಪಾಠವನ್ನೇ ಅವರು ನನಗೆ ಒಪ್ಪಿಸಿದರು.

ಒಂದು ಸಾಲು ಬರೆ. ನಿಲ್ಲಿಸಿದೆ ಅಂತ ಬರೆ.

ಅಪ್ಪ

&nbsp;

ನವೆಂಬರ್ ೪

ಅಪ್ಪ,

ಅಕ್ಟೋಬರಿನಲ್ಲಿ ಬರೆದ ನಿಮ್ಮ ಕಾಗದ ಓದಿ ನಗು ಬಂತು. ಇದು ನಿಮ್ಮ ಹಳೆಯ ಆಟ. ಕೊನೆಯ ಸುತ್ತಿನಲ್ಲಿ ಕಾಲು ಹಿಡಿದುಕೊಂಡು ಕುಂಟುವುದು. ಆಗ ನಾನು ಚಿಕ್ಕವಳು, ನಂಬಿದೆ. ಈ ಸಲ ತೊಡೆಮೂಳೆಯನ್ನೇ ಮುರಿದುಕೊಂಡಿದ್ದೀರಿ. ಅತ್ತೆಯನ್ನೂ ಸೇರಿಸಿಕೊಂಡಿದ್ದೀರಿ. ಆ ಮೇಡಂ ನಿಮಗೆ ಬರೆದಿರಬೇಕು, ಅದಕ್ಕೇ ಹೀಗೆಲ್ಲ.

ನೀವು ಓಡುತ್ತಿದ್ದೀರಿ. ನನಗೆ ಗೊತ್ತು. ಹಾಲಿನ ಸೈಕಲ್ಲು, ಕಾಗೆ, ಎಲ್ಲ ಬರೆದಿದ್ದೀರಿ. ಓಡದವರಿಗೆ ಅದೆಲ್ಲ ಹೇಗೆ ಗೊತ್ತಾಗುತ್ತದೆ? ನಾನು ನಿಲ್ಲಿಸಿದರೆ ನೀವೂ ನಿಲ್ಲಿಸುತ್ತೀರಿ ಅಂದಿದ್ದಿರಿ. ನಿಮ್ಮನ್ನು ಒಬ್ಬರನ್ನೇ ಬಿಡುವುದಿಲ್ಲ.

ಇವತ್ತು ಡಿಪೋ ಹತ್ತಿರ ಕಣ್ಣು ಕತ್ತಲಿಟ್ಟು ಕೂತುಬಿಟ್ಟೆ. ಆ ಮುದುಕ ಡ್ರೈವರು ಓಡಿ ಬಂದು ಚಹಾ ಕೊಡಲು ನೋಡಿದ. ಬೇಡ ಅಂದೆ. "ಯಾಕಮ್ಮ ಹಿಂಗೆ ಓಡ್ತೀಯ, ಯಾರು ಅಟ್ಟಿಸ್ಕೊಂಡು ಬರ್ತಿದಾರೆ?" ಅಂತ ಕೇಳಿದ. ಎದ್ದು ಉಳಿದದ್ದನ್ನು ಓಡಿ ಮುಗಿಸಿದೆ.

ನಿಜ ಹೇಳಲಾ ಅಪ್ಪ? ನಿಲ್ಲಿಸಿದರೆ ಆ ಮಂಚ ಇದೆ. ಆ ಟ್ಯಾಂಕು ಇದೆ. ಮತ್ತೆ ಅಲ್ಲಿಗೆ ಹೋಗಲಾರೆ. ನನಗೆ ಬೇರೆ ದಾರಿ ಗೊತ್ತಿಲ್ಲ.

ಮಗಳು

&nbsp;

ನವೆಂಬರ್ ೯

ಮಗಳೇ,

ಈ ಕಾಗದವನ್ನು ಅತ್ತೆಯ ಕೈಯಲ್ಲೇ ಕಳಿಸುತ್ತಿದ್ದೇನೆ. ಅವಳು ಒಬ್ಬಳೇ ರೈಲು ಹತ್ತಿದವಳಲ್ಲ. ನಿನ್ನೆಯಿಂದ ಟಿಕೆಟ್ಟನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಕೂತಿದ್ದಾಳೆ. ನನ್ನನ್ನು ಪಕ್ಕದ ಮನೆಯ ದರ್ಜಿ ನೋಡಿಕೊಳ್ಳುತ್ತಾನಂತೆ.

ನಾನೇ ಬರಬೇಕು ಅಂತ ಹಟ ಮಾಡಿದೆ. ವ್ಯಾನಿನಲ್ಲಿ ಮಲಗಿಸಿ ಕರೆದುಕೊಂಡು ಹೋಗಿ ಅಂತ ಡಾಕ್ಟರಿಗೆ ಕೈ ಮುಗಿದೆ. ಮೂಳೆ ಇನ್ನೂ ಕೂಡಿಲ್ಲ, ದಾರಿಯಲ್ಲಿ ಕದಲಿದರೆ ಕಾಲು ಹೋಗುತ್ತದೆ ಅಂದರು. ಹೋಗಲಿ ಅಂದೆ. ಅವರು ಒಪ್ಪಲಿಲ್ಲ. ಎಲ್ಲರೂ ಹೋದಮೇಲೆ ಕಿಟಕಿಯ ಸರಳು ಹಿಡಿದು ಏಳಲು ನೋಡಿದೆ. ಮೊಣಕೈ ಮೇಲೆ ಅಷ್ಟು ಎದ್ದೆ, ಮುಂದಕ್ಕಾಗಲಿಲ್ಲ. ಮತ್ತೆ ಬಿದ್ದೆ.

ನಾನು ಕುಂಟುವ ಆಟ ಆಡುತ್ತಿಲ್ಲ. ಹೇಗೆ ನಂಬಿಸಲಿ ನಿನ್ನನ್ನು? ಕಾಗೆ ಕಾಣುವುದು ಈ ಮಂಚದಿಂದ. ಹಾಲಿನ ಸೈಕಲ್ಲು ಕೇಳುವುದೂ ಇಲ್ಲಿಂದಲೇ. ನಿನಗೆ ಬರೆದದ್ದರಲ್ಲಿ ಅವೆರಡೇ ನಿಜ.

ಅತ್ತೆ ಬಾಗಿಲಲ್ಲಿ ನಿಂತಿದ್ದಾಳೆ. ಅವಳು ಬರುವವರೆಗೆ ಎಲ್ಲೂ ಹೋಗಬೇಡ.

ಅಪ್ಪ

&nbsp;

ನವೆಂಬರ್ ೨೪

ಅಪ್ಪನಿಗೆ,

ಅತ್ತೆ ಬರುವ ಹಿಂದಿನ ದಿನವೇ ನಾನು ಹಾಸ್ಟೆಲಿನ ಮೆಟ್ಟಿಲ ಮೇಲೆ ಬಿದ್ದಿದ್ದೆನಂತೆ. ಪಕ್ಕದ ಮಂಚದವಳು ಕಂಡು ಎಲ್ಲರನ್ನೂ ಕೂಗಿ ಆಸ್ಪತ್ರೆಗೆ ಸಾಗಿಸಿದಳಂತೆ. ನಾನು ಮಾತು ಬಿಟ್ಟಿದ್ದವಳು. ಈಗ ದಿನಾ ಬಂದು ಕಾಲ ಹತ್ತಿರ ಕೂತು ಓದಿಕೊಳ್ಳುತ್ತಾಳೆ. ಹಣೆ ಮುಟ್ಟುವುದನ್ನು ಬಿಟ್ಟಿದ್ದಾಳೆ, ಮಣಿಕಟ್ಟು ಮುಟ್ಟುತ್ತಾಳೆ.

ಅತ್ತೆ ಬಂದವರೇ ನನ್ನ ಕೈ ಎತ್ತಿ ನೋಡಿ, ಮತ್ತೆ ಹೊದಿಕೆಯೊಳಗೆ ಇಟ್ಟರು. ಅಪ್ಪ ನಿಜವಾಗಿ ಓಡುತ್ತಿಲ್ಲವಾ ಅಂತ ಕೇಳಿದೆ. "ಓಡೋದಾ? ಮಗ್ಗುಲು ತಿರುಗಿಸ್ಬೇಕಾದ್ರೂ ನಾನೇ ಬೇಕು ಕಣೇ" ಅಂದರು. ಅಷ್ಟು ಹೇಳಿ ಅವರೇ ಅತ್ತರು. ಆಗ ನಂಬಿದೆ. ನಂಬಿದಾಗ ಮೊದಲು ಬಂದದ್ದು ಸಿಟ್ಟು. ಇಷ್ಟು ತಿಂಗಳು ನಾನು ಒಬ್ಬಳೇ ಓಡಿದೆನಲ್ಲ ಅಂತ.

ಈಗ ಸಿಟ್ಟಿಲ್ಲ. ಏನೂ ಇಲ್ಲ. ಎದೆಯ ಬಡಿತ ತಪ್ಪುತ್ತಿದೆ ಅಂತ ವೈರು ಅಂಟಿಸಿದ್ದಾರೆ. ವರಾಂಡದವರೆಗೂ ನಡೆಯಲು ಬಿಡುವುದಿಲ್ಲ. ಹಾಲನ್ನು ಚಮಚದಲ್ಲಿ ಕೊಡುತ್ತಾರೆ. ಒಂದು ಚಮಚ ಒಳಗೆ ಹೋದರೆ ತಪ್ಪು ಮಾಡಿದ ಹಾಗನ್ನಿಸುತ್ತದೆ, ಓಡಿ ಅದನ್ನು ಕಳೆದುಕೊಳ್ಳಬೇಕು ಅನ್ನಿಸುತ್ತದೆ. ಮೇಡಂ ಸಂಜೆ ಬರುತ್ತಾರೆ. ಅವರ ಎದುರು ಅತ್ತರೆ ಅವರು ತಡೆಯುವುದಿಲ್ಲ.

ಐದೂವರೆಗೆ ಎಚ್ಚರವಾಗಿಬಿಡುತ್ತದೆ. ಹೊದಿಕೆಯೊಳಗೆ ಕಾಲು ತಾನಾಗಿ ಆಡುತ್ತದೆ. ನಾನು ಆಡಿಸುವುದಲ್ಲ. ನರ್ಸ್ ಬಂದು ನನ್ನ ಮೊಣಕಾಲ ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತಾರೆ.

ನೀವು ಇಷ್ಟು ದಿನ ಹೇಗೆ ಮಲಗಿದ್ದಿರಿ ಅಪ್ಪ? ನನಗೆ ಮಲಗುವುದು ಬರುವುದಿಲ್ಲ. ನಡೆಯುವುದರಿಂದ ಹಿಡಿದು ಎಲ್ಲ ನೀವೇ ಕಲಿಸಿದ್ದು. ಇದನ್ನೂ ಹೇಳಿಕೊಡಿ.

ಮಗಳು

&nbsp;

ಡಿಸೆಂಬರ್ ೧

ಮಗಳೇ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ದಿಂಬಿನ ಕೆಳಗೆ ಇಟ್ಟುಕೊಂಡು ಮತ್ತೆ ಮತ್ತೆ ಓದಿದೆ.

ನಾನು ಮಲಗಲಿಲ್ಲ, ಅದೇ ನಿಜ. ಮೈ ಒಂದು ಇಲ್ಲಿ ಬಿದ್ದಿತ್ತು. ಐದೂವರೆಗೆ ಕಣ್ಣು ಮುಚ್ಚಿಕೊಂಡು ನಿನ್ನ ಕಾಲಿನಲ್ಲಿ ಓಡುತ್ತಿದ್ದೆ. ಡಿಪೋ, ಡ್ರೈವರು, ಎಲ್ಲ ನನಗೆ ಬಾಯಿಪಾಠವಾಗಿತ್ತು. ನಿನ್ನ ಕಾಗದ ಬಂದಾಗಲೆಲ್ಲ ಒಂದು ಸುತ್ತು ಹೊರಗೆ ಹೋಗಿ ಗಾಳಿ ಕುಡಿದು ಬಂದ ಹಾಗಾಗುತ್ತಿತ್ತು. ಮೇಡಂ ನಿಲ್ಲಿಸು ಅಂದಾಗ ನಾನು ಬೇಡ ಅಂದೆನಲ್ಲ, ಅದು ನಿನ್ನ ಒಳ್ಳೆಯದಕ್ಕೆ ಅಂತ ಆಗ ನಂಬಿದ್ದೆ. ಈಗ ನೋಡಿದರೆ ನನಗೋಸ್ಕರ. ನೀನು ನಿಂತರೆ ನಾನು ಈ ಕೋಣೆಯಲ್ಲಿ ಉಳಿದುಬಿಡುತ್ತೇನೆ ಅನ್ನುವ ಭಯಕ್ಕೆ ನಿನ್ನನ್ನು ಓಡಿಸಿದೆ. ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ ಅಂತ ಆ ಡ್ರೈವರು ಕೇಳಿದನಲ್ಲ. ನಾನೇ ಕಣಮ್ಮ.

ಮಲಗುವುದು ಹೇಗೆ ಅಂತ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಹೇಳದೆ ಇರುತ್ತಿದ್ದೆನಾ? ಮಕ್ಕಳನ್ನು ಎಬ್ಬಿಸಿ ನಿಲ್ಲಿಸುವುದಷ್ಟೇ ನಾನು ಮಾಡಿಕೊಂಡು ಬಂದ ಕೆಲಸ. ಸುಮ್ಮನೆ ಇರುವುದನ್ನು ಯಾರಿಗೂ ಕಲಿಸಿಲ್ಲ, ನಾನೂ ಕಲಿತಿಲ್ಲ. ಮೇಡಂಗೆ ಗೊತ್ತಿದ್ದರೆ ಅವರು ಹೇಳಿದ ಹಾಗೆ ಮಾಡು. ನನ್ನನ್ನು ಕೇಳಬೇಡ.

ಪ್ಲಾಸ್ಟರ್ ತೆಗೆಯಲು ಇನ್ನೂ ದಿನ ಬೇಕಂತೆ. ತೆಗೆದ ಮೇಲೂ ಯಾವಾಗ ನಡೆಯುತ್ತೇನೆ ಅಂತ ಹೇಳಲಾಗುವುದಿಲ್ಲ ಅಂದರು. ಅಲ್ಲಿಯವರೆಗೆ ನಿನ್ನ ಹತ್ತಿರ ಬರಲು ನನ್ನಿಂದ ಆಗುವುದಿಲ್ಲ.

ಇವತ್ತು ಏನು ತಿಂದೆ ಅಂತ ಬರೆ. ತಿನ್ನದಿದ್ದರೆ ತಿನ್ನಲಿಲ್ಲ ಅಂತಲೇ ಬರೆ. ಹೀಗೆ ಮಾಡು, ಹಾಗೆ ಮಾಡು ಅಂತ ನಾನು ಇನ್ನು ಒಂದು ಮಾತೂ ಬರೆಯುವುದಿಲ್ಲ. ಓದುತ್ತೇನೆ, ಅಷ್ಟೇ. ಬರೆಯಲು ಕೈ ಬರದಿದ್ದರೆ ಪಕ್ಕದ ಮಂಚದವಳ ಕೈಯಲ್ಲಿ ಬರೆಸು.

ಅಂಚೆಯವನು ನಮ್ಮ ಬೀದಿಗೆ ಬರುವುದು ಮಧ್ಯಾಹ್ನ. ಅವನು ಬಾಗಿಲಲ್ಲಿ ನಿಂತರೂ ನನಗೆ ಭಯ, ನಿಲ್ಲದೆ ಹೋದರೂ ಭಯ.

ಅಪ್ಪ